ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತುವ ಮೊದಲು

ಜುಬೈಲ್‌ನಲ್ಲಿರುವ ನನ್ನ ತಮ್ಮ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ರಜೆ 40 ದಿನ. ಆ 40 ದಿನದಲ್ಲಿ ಮದುವೆ ಎಷ್ಟು, ಮಯ್ಯತ್ ಮನೆ ಎಷ್ಟು, ಆಸ್ಪತ್ರೆ ಎಷ್ಟು, ಬ್ಯಾಂಕು, ಆಧಾರ್, ಮನೆಯ ಮಾಡಿನ ರಿಪೇರಿ ಎಷ್ಟು ಎಂದು ಗಲ್ಫ್‌ನವರಿರುವ ಮನೆಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕಳೆದ ಸಲ ಬಂದಾಗ ಅವನ ಮೂರು ವರ್ಷದ ಮಗಳು ಅವನ ಕೈಗೇ ಹೋಗಲಿಲ್ಲ. ಅವನು ಹೋಗುವಾಗ ಅವಳಿಗೆ ಒಂದು ವರ್ಷ. ವಿಡಿಯೊ ಕಾಲ್‌ನಲ್ಲಿ "ಉಪ್ಪ" ಎಂದು ಫೋನಿಗೆ ಮುತ್ತು ಕೊಡುತ್ತಿದ್ದ ಮಗು, ಎದುರಿಗೆ ಬಂದು ನಿಂತವನನ್ನು ಕಂಡು ತಾಯಿಯ ಹಿಂದೆ ಅಡಗಿಕೊಂಡಿತು. ಅವಳ ಲೆಕ್ಕದಲ್ಲಿ ಉಪ್ಪ ಫೋನಿನೊಳಗೆ ಇರುವವನು. ಇವನು ಯಾರೋ ಬೇರೆ.

ಒಂದು ವಾರ ಹೀಗೇ ಹೋಯಿತು. ಒಂದು ರಾತ್ರಿ ಊಟ ಆದ ಮೇಲೆ ತಮ್ಮ ಹೇಳಿದ, "ಕಾಕ, ಯಾರೂ ಬಾರದ, ಯಾರ ಫೋನೂ ಬಾರದ ಒಂದು ಕಡೆಗೆ ಮೂರು ದಿನ ಹೋಗುವ. ಹಡಗಿನಲ್ಲಿ ಹೋಗುವ. ದುಡ್ಡು ನಾನು ನೋಡಿಕೊಳ್ತೇನೆ, ಉಳಿದದ್ದು ನೀವು ನೋಡಿ."

ಉಮ್ಮ ಒಪ್ಪಲಿಲ್ಲ. ಅವರ ಬಾಲ್ಯದಲ್ಲಿ ಅವರ ಉಪ್ಪ ಹಜ್ಜಿಗೆ ಹೋದದ್ದು ಬೊಂಬಾಯಿಯಿಂದ ಹಡಗಿನಲ್ಲಿ. ಊರವರೆಲ್ಲ ಸೇರಿ, ತಪ್ಪಿದ್ದರೆ ಮನ್ನಿಸಿ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಅತ್ತು ಕಳುಹಿಸಿದ್ದರಂತೆ. ಹಿಂದೆ ಬರುವ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮುಂಬೈಯಿಂದ ಹಜ್ಜಿನ ಹಡಗು 1995ರಲ್ಲಿ ನಿಂತಿತು. ನಮ್ಮ ಹಿರಿಯರಿಗೆ ಹಡಗೆಂದರೆ ಇವತ್ತಿಗೂ ವಿದಾಯದ ನೆನಪೇ. "ಆಟಕ್ಕೆ ಯಾರಾದರೂ ಹಡಗು ಹತ್ತುತ್ತಾರಾ?" ಎಂದರು ಉಮ್ಮ. ನಾವು ಹೋಗುವುದು ಮುಂಬೈಯಿಂದ ಗೋವಾಕ್ಕೆ, ಪುನಃ ಮುಂಬೈಗೆ ಎಂದು ಹೇಳಿದಾಗ ಅವರ ಭಯ ಹೋಗಿ ಆಶ್ಚರ್ಯ ಬಂತು. "ರೈಲಿನಲ್ಲಿ ಗೋವಾ ದಾಟಿ ಮುಂಬೈಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಗೋವಾಕ್ಕೆ ಬರುವುದಾ ಮಾರಾಯ್ರೆ!"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪಣಂಬೂರಿಗೆ ಮಳೆಗಾಲ ಮುಗಿದ ಮೇಲೆ ವಿದೇಶಿ ಪ್ರವಾಸಿಗರ ದೊಡ್ಡ ಬಿಳಿ ಹಡಗುಗಳು ಬರುತ್ತವೆ, ನಾವೆಲ್ಲ ನೋಡಿದವರೇ. ಆದರೆ ಅವು ಅವರನ್ನು ಒಂದು ಹಗಲು ಇಳಿಸಿ ಸಂಜೆಗೆ ಕರೆದುಕೊಂಡು ಹೋಗುವ ಹಡಗುಗಳು. ನಾವು ಹತ್ತಬೇಕಾದರೆ ಮುಂಬೈಗೆ ಹೋಗಬೇಕಾಯಿತು. ಕೊನೆಗೆ ದೊಡ್ಡವರು ಐವರು, ಮಕ್ಕಳು ಮೂವರು ಹೊರಟೆವು. ಕಾಗದ ಓದುವ ಅಭ್ಯಾಸ ಇರುವವನು ಎಂದು ವ್ಯವಸ್ಥೆಯೆಲ್ಲ ನನ್ನ ತಲೆಗೆ ಬಂತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದುಡ್ಡಿನ ಲೆಕ್ಕ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಒಬ್ಬರ ದರ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ಮಾತ್ರ. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಕೆಲವು ಕಡೆ ಸಿಬ್ಬಂದಿಯ ಸೇವಾ ಶುಲ್ಕ ಸೇರುತ್ತದೆ. ಅದೇ ಕೋಣೆಯ ಮೂರನೆಯ, ನಾಲ್ಕನೆಯ ವ್ಯಕ್ತಿಗೆ ಸಾಮಾನ್ಯವಾಗಿ ದರ ಕಡಿಮೆ. ಆದ್ದರಿಂದ ಎಂಟು ಜನಕ್ಕೆ ನಾಲ್ಕರ ಎರಡು ಕೋಣೆ ತೆಗೆದೆವು. ಒಂದರಲ್ಲಿ ತಮ್ಮನ ಸಂಸಾರ, ಇನ್ನೊಂದರಲ್ಲಿ ನಾನು, ಹೆಂಡತಿ, ಮಗ ಮತ್ತು ಉಮ್ಮ. ಎರಡೂ ಅಕ್ಕಪಕ್ಕ ಇರಬೇಕು ಎಂದು ಬುಕ್ ಮಾಡುವಾಗಲೇ ಬರೆಸಿಕೊಂಡೆ.

ದರದಲ್ಲಿ ಏನೇನು ಸೇರಿದೆ ಎಂದು ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೊಡಲು ಹೇಳಿ. ಮುಖ್ಯ ಊಟದ ಸಾಲೆಯ ಊಟ ಸೇರಿರುತ್ತದೆ. ವಿಶೇಷ ಹೋಟೆಲು, ಜ್ಯೂಸು, ಫೋಟೊ, ಇಂಟರ್‌ನೆಟ್ ಇವುಗಳಿಗೆ ಹೆಚ್ಚಾಗಿ ಬೇರೆ ದುಡ್ಡು. ಹಡಗಿನಲ್ಲಿ ಕೈಯಿಂದ ನೋಟು ಕೊಡುವುದಿಲ್ಲ, ಕಾರ್ಡ್ ತೋರಿಸಿದರೆ ಸಾಕು. ದುಡ್ಡು ಹೋಗುವುದು ಕಣ್ಣಿಗೆ ಕಾಣದ ಕಾರಣ ದಿನಾ ರಾತ್ರಿ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.

ಗಲ್ಫ್‌ನವರು ಇನ್ನೊಂದು ವಿಷಯ ಮರೆಯಬಾರದು. ರಜೆ ಮಂಜೂರಾಗಿದೆ ಎಂದರೂ ಕೊನೆಯ ವಾರದಲ್ಲಿ ಕಂಪೆನಿ ಅದನ್ನು ಮುಂದೆ ಹಾಕಬಹುದು. ಹೊರಡುವ ದಿನ ಹತ್ತಿರ ಬಂದಷ್ಟು ರದ್ದು ಮಾಡಿದರೆ ಹಿಂದೆ ಬರುವ ಹಣ ಕಡಿಮೆಯಾಗುತ್ತ ಹೋಗುತ್ತದೆ, ಕೊನೆಗೆ ಏನೂ ಸಿಗುವುದಿಲ್ಲ. ತಮ್ಮ ಊರಿಗೆ ಬಂದು ಇಳಿದ ಮೇಲೆಯೇ ನಾವು ಹಣ ಕಟ್ಟಿದೆವು. ಸ್ವಲ್ಪ ಹೆಚ್ಚು ಕೊಡಬೇಕಾಯಿತು, ಆದರೆ ಎರಡು ವರ್ಷದ ಓವರ್‌ಟೈಮ್ ನೀರಿಗೆ ಹೋಗುವ ಭಯ ಇರಲಿಲ್ಲ.

ಕಾಲ, ರೈಲು, ಕೋಣೆ

ಅರಬೀ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಏನಿರುತ್ತದೆ ಎಂದು ಕರಾವಳಿಯವರಿಗೆ ಗೊತ್ತು. ಮಕ್ಕಳೊಂದಿಗೆ ಹೋಗುವವರಿಗೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಾವು ಹೋದದ್ದು ಶಾಲೆಯ ಡಿಸೆಂಬರ್ ರಜೆಯಲ್ಲಿ.

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಮರುದಿನ ಬೆಳಗ್ಗೆ ಮುಂಬೈಗೆ ಮುಟ್ಟುತ್ತದೆ. ಹಡಗು ಸಂಜೆಗಲ್ಲವೇ, ಬೆಳಗ್ಗೆ ಇಳಿದರೆ ಸಾಕು ಎಂದು ಲೆಕ್ಕ ಹಾಕಬೇಡಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ನಾವು ಒಂದು ದಿನ ಮೊದಲೇ ಹೋಗಿ ಉಳಿದುಕೊಂಡೆವು. ಮಕ್ಕಳ ನಿದ್ದೆಯೂ ಆಯಿತು.

ದೇಶದೊಳಗಿನ ಪ್ರಯಾಣವಾದರೂ ದೊಡ್ಡವರ ಗುರುತಿನ ಚೀಟಿ, ಮಕ್ಕಳ ಆಧಾರ್ ಅಥವಾ ಜನನ ಪ್ರಮಾಣಪತ್ರ ಮೂಲ ಪ್ರತಿಯೇ ಇರಲಿ. ಟಿಕೆಟಿನ ಹೆಸರು, ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಒಂದರಲ್ಲಿ ಮನೆಹೆಸರು, ಇನ್ನೊಂದರಲ್ಲಿ ಉಪ್ಪನ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಮೊದಲೇ ನೋಡಿ. ಲಕ್ಷದ್ವೀಪಕ್ಕೆ ಹೋಗುವ ಹಡಗಾದರೆ ಅಲ್ಲಿ ಇಳಿಯಲು ಪರ್ಮಿಟ್ ಬೇಕು. ಅದನ್ನು ಯಾರು ಮಾಡಿಸುತ್ತಾರೆ ಎಂದು ಕೇಳಿಕೊಳ್ಳಿ. ಸೌದಿಯಲ್ಲಿ ಸಂಸಾರ ಇಟ್ಟುಕೊಂಡಿರುವವರು ಅಲ್ಲಿಂದ ಹಡಗು ಹತ್ತುವುದಾದರೆ ಇಖಾಮದ ಅವಧಿ, ರೀ-ಎಂಟ್ರಿ ವೀಸಾ, ಹಡಗು ಮುಟ್ಟುವ ದೇಶಗಳ ವೀಸಾ ಮೂರನ್ನೂ ನೋಡಬೇಕು. ಜಿದ್ದಾದಿಂದ 2024ರ ಡಿಸೆಂಬರ್‌ನಲ್ಲಿ ಶುರುವಾದ ಅರೋಯ ಎಂಬ ಸೌದಿ ಹಡಗಿನಲ್ಲಿ ಮದ್ಯ ಇಲ್ಲ.

ಅಲೆಯ ಆಟ ಕಡಿಮೆ ಗೊತ್ತಾಗುವುದು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಗಳಲ್ಲಿ. ತುದಿಯಲ್ಲಿ ಮತ್ತು ಮೇಲೆ ಹೆಚ್ಚು. ಬಾಲ್ಕನಿ ಇರುವ ಕೋಣೆ ತಮ್ಮನಿಗೆ ಇಷ್ಟ ಇತ್ತು. ಕುರ್ಚಿ ಎಳೆದು ಹತ್ತುವ ಪ್ರಾಯದ ಮಕ್ಕಳಿರುವಾಗ ಅದು ಬೇಡ ಎಂದೆ. ತೆರೆಯಲಾಗದ ಗಾಜಿನ ಕಿಟಕಿ ಇರುವ ಕೋಣೆ ತೆಗೆದೆವು. ಸಮುದ್ರ ಕಾಣುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ಊಟ ಮತ್ತು ನಮಾಝ್

ಇಂಥ ಹಡಗುಗಳಲ್ಲಿ ಬಾರ್, ಕ್ಯಾಸಿನೊ ಇರುತ್ತವೆ. ಇಲ್ಲ ಎಂದುಕೊಂಡು ಹೋಗಿ ಅಲ್ಲಿ ಬೇಸರ ಮಾಡಿಕೊಳ್ಳುವುದಕ್ಕಿಂತ ಮೊದಲೇ ತಿಳಿದು ನಿರ್ಧರಿಸಿ. ಪ್ರತೀ ಅಂತಸ್ತಿನ ನಕ್ಷೆ ಸಿಗುತ್ತದೆ, ಅವು ಎಲ್ಲಿವೆ ಎಂದು ನೋಡಿ ಕೋಣೆಯನ್ನು ದೂರ ತೆಗೆದುಕೊಳ್ಳಬಹುದು. ಮಾಂಸ ಹಲಾಲ್ ಹೌದೋ ಅಲ್ಲವೋ ಎಂದು ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿ. ನಮಗೆ ಖಚಿತ ಉತ್ತರ ಬಾರದ ಕಾರಣ ಮೀನು, ತರಕಾರಿಯಲ್ಲೇ ಮೂರು ದಿನ ಕಳೆದೆವು. ಎರಡನೆಯ ದಿನ ನನ್ನ ಎಂಟು ವರ್ಷದ ಮಗ ಅಷ್ಟು ಬಗೆಯ ತಿಂಡಿಯ ಎದುರು ನಿಂತು "ಗಂಜಿ ಇಲ್ವಾ?" ಎಂದು ಕೇಳಿದ.

ಪ್ರಯಾಣಿಕನಿಗೆ ನಾಲ್ಕು ರಕಅತ್‌ನ ನಮಾಝನ್ನು ಎರಡಾಗಿಸುವ, ಜೋಡಿಸಿ ಮಾಡುವ ರಿಯಾಯಿತಿ ಇದೆ, ಓದುಗರಿಗೆ ಗೊತ್ತಿರುವುದೇ. ತಲೆ ಸುತ್ತಿ ನಿಲ್ಲಲಾಗದವರು ಕುಳಿತು ಮಾಡಬಹುದು. ಹಡಗು ತಿರುಗುವುದರಿಂದ ಪ್ರತೀ ಸಲ ಕಿಬ್ಲಾ ನೋಡಿಕೊಳ್ಳಬೇಕು. ನೆಟ್ ಇಲ್ಲದೆಯೂ ಫೋನಿನ ದಿಕ್ಸೂಚಿ ಕೆಲಸ ಮಾಡುತ್ತದೆ.

ಮಕ್ಕಳ ಚೀಲ

ಆರು ತಿಂಗಳಿಗಿಂತ ಸಣ್ಣ ಮಗುವನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. ಮಕ್ಕಳ ಆಟದ ಕೋಣೆಗೆ ಸಾಮಾನ್ಯವಾಗಿ ಮೂರು ವರ್ಷ ಆಗಿರಬೇಕು, ಡೈಪರ್ ಬಿಟ್ಟಿರಬೇಕು. ಡೈಪರ್ ಹಾಕುವ ಮಗುವನ್ನು ಈಜುಕೊಳಕ್ಕೂ ಬಿಡುವುದಿಲ್ಲ. ಕೊಳದ ಹತ್ತಿರ ಕಾವಲಿನವರು ಇರುತ್ತಾರೆ ಎಂದು ನಂಬಿ ಫೋನು ನೋಡುತ್ತ ಕೂರಬೇಡಿ. ಮನೆಯ ಒಬ್ಬರ ಕಣ್ಣು ಮಗುವಿನ ಮೇಲೆಯೇ ಇರಬೇಕು.

ಹಡಗಿನ ತಲೆಸುತ್ತು, ವಾಂತಿ ಹೆಚ್ಚಾಗಿ ಕಾಡುವುದು 2ರಿಂದ 12 ವರ್ಷದ ಮಕ್ಕಳನ್ನು. ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬೇಡಿ. ಹೊರಡುವ ಮೊದಲೇ ಮಕ್ಕಳ ಡಾಕ್ಟರಲ್ಲಿ ಕೇಳಿ, ಮಗುವಿನ ತೂಕಕ್ಕೆ ಸರಿಯಾದ ಔಷಧ ಬರೆಸಿಕೊಳ್ಳಿ. ಹೊಟ್ಟೆ ಪೂರ್ತಿ ಖಾಲಿ ಬಿಡಬಾರದು, ಪೂರ್ತಿ ತುಂಬಿಸಲೂಬಾರದು. ತಲೆ ಸುತ್ತಿದರೆ ಮೇಲೆ ಗಾಳಿಗೆ ಕರೆದುಕೊಂಡು ಹೋಗಿ, ನೀರು ಆಕಾಶ ಸೇರುವ ಗೆರೆಯನ್ನು ತೋರಿಸಿ. ಹಡಗಿನಲ್ಲಿ ಡಾಕ್ಟರ್ ಇದ್ದಾರೆ, ಆದರೆ ಅವರ ಫೀಸು ಬೇರೆ. ಜ್ವರದ ಔಷಧ, ಓಆರ್‌ಎಸ್ ಕೈಚೀಲದಲ್ಲೇ ಇರಲಿ, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರುವಾಗ ರಾತ್ರಿ ಆಗುತ್ತದೆ. ಎಲ್ಲರೂ ಒಂದೇ ಕಡೆ ಉಣ್ಣುವ ಹಡಗಿನಲ್ಲಿ ವಾಂತಿಭೇದಿ ಬೇಗ ಹರಡುತ್ತದೆ. ಸ್ಯಾನಿಟೈಸರ್ ಸಾಲದು, ಊಟಕ್ಕೆ ಮೊದಲು ಸಾಬೂನು ಹಾಕಿಯೇ ಕೈ ತೊಳೆಸಿ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಕೊಂಡುಹೋಗಬೇಡಿ, ಬಾಗಿಲಲ್ಲೇ ತೆಗೆದಿಡುತ್ತಾರೆ. ನನ್ನ ಹೆಂಡತಿಯ ಕೆಟಲ್ ಮೂರು ದಿನ ಅವರ ವಶದಲ್ಲೇ ಇತ್ತು.

ತಪ್ಪಿಸಬಾರದ ಅರ್ಧ ಗಂಟೆ

ಹತ್ತಿದ ಸಂಜೆ ಸುರಕ್ಷಾ ಡ್ರಿಲ್‌ಗೆ ಕರೆ ಬಂತು. ಮಗು ಆಗಷ್ಟೇ ಮಲಗಿತ್ತು. "ನೀವು ಹೋಗಿ ಕಾಕ, ನಾವು ಇಲ್ಲೇ ಇರ್ತೇವೆ" ಎಂದ ತಮ್ಮ. ನಾನು ಬಿಡಲಿಲ್ಲ.

2012ರ ಜನವರಿ 13ರಂದು ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಆ ದಿನ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು ಎಂದಾಯಿತು. ಏಳು ಸಣ್ಣ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ಎಲ್ಲಿ ಸೇರಬೇಕು ಎಂದು ಅಲ್ಲಿ ತೋರಿಸಿಕೊಡುತ್ತಾರೆ.

ತಮ್ಮನ ಕೋಣೆಯ ಕಪಾಟಿನಲ್ಲಿ ಇದ್ದದ್ದು ದೊಡ್ಡವರ ಲೈಫ್ ಜಾಕೆಟ್ ಮಾತ್ರ. ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರೆ ಕೊರಳಿನಿಂದಲೇ ಜಾರಿ ಹೋಗುತ್ತದೆ. ಮಕ್ಕಳ ಅಳತೆಯದು ಹಡಗಿನಲ್ಲಿ ಇರಲೇಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಉಂಟು. ಕೇಳಿದ ಹತ್ತು ನಿಮಿಷದಲ್ಲಿ ತಂದುಕೊಟ್ಟರು. ಕೇಳಬೇಕು ಎಂದು ಗೊತ್ತಿರಬೇಕು, ಅಷ್ಟೆ. ಮಲಗಿದ್ದ ಮಗುವನ್ನು ತಮ್ಮ ಎತ್ತಿಕೊಂಡು ಬಂದ. ಅಷ್ಟು ಜನ, ಅಷ್ಟು ಸದ್ದು ಕಂಡು ಎಚ್ಚರವಾದ ಮಗು ಹೆದರಿ ಅವನ ಕೊರಳನ್ನೇ ಹಿಡಿದುಕೊಂಡಿತು. ಊರಿಗೆ ಬಂದ ಮೇಲೆ ಮೊದಲ ಸಲ.

ಮಾಡಿದ ತಪ್ಪು

ಮೊದಲ ದಿನ ನಾನು ಕಾರ್ಯಕ್ರಮದ ಪಟ್ಟಿ ಹಿಡಿದು ಎಲ್ಲರನ್ನೂ ಓಡಿಸಿದೆ. ಮ್ಯಾಜಿಕ್ ಶೋ, ಆಟ, ಚಿತ್ರ ಬಿಡಿಸುವುದು. ಕೊಟ್ಟ ದುಡ್ಡು ವಸೂಲಾಗಬೇಕು ಎಂಬ ಆಸೆ. ಸಂಜೆಗೆ ಮೂರು ಮಕ್ಕಳೂ ಅಳು. "ಮದ್ರಸದ ಟೈಂಟೇಬಲ್ ಇಲ್ಲಿಗೂ ತಂದಿರಾ?" ಎಂದಳು ಹೆಂಡತಿ. ಮರುದಿನ ಪಟ್ಟಿಯನ್ನು ಮಡಚಿಟ್ಟೆ.

ಫೋನುಗಳನ್ನು ಹತ್ತಿದ ಕೂಡಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿದ್ದೆವು. ಹಾಕದಿದ್ದರೆ ದಡ ದೂರವಾದ ಮೇಲೆ ಫೋನು ಹಡಗಿನ ಸ್ಯಾಟಲೈಟ್ ಜಾಲ ಹಿಡಿದು, ದೊಡ್ಡ ರೋಮಿಂಗ್ ಬಿಲ್ ಬರಬಹುದು. ಬಿಲ್ ಉಳಿಸಲು ಮಾಡಿದ ಕೆಲಸವೇ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿತು. ಮದುವೆಗೆ ಕರೆಯುವವರಿಲ್ಲ, ಸೈಟಿನ ವಿಷಯ ಮಾತಾಡುವವರಿಲ್ಲ. ತಮ್ಮ ಮಗಳೊಂದಿಗೆ ಕಿಟಕಿಯ ಹತ್ತಿರ ಕುಳಿತು ಎರಡು ಗಂಟೆ ನೀರು ನೋಡಿದ. ಉಮ್ಮ ತಸ್‌ಬೀಹ್ ಹಿಡಿದು ಪಕ್ಕದಲ್ಲಿ ಕುಳಿತು, ಅವರ ಉಪ್ಪನ ಹಜ್ಜಿನ ಕಥೆ ಹೇಳಿದರು. ಅದರಲ್ಲಿ ಅರ್ಧ ಕಥೆ ನಾವೂ ಮೊದಲು ಕೇಳಿರಲಿಲ್ಲ.

ರಜೆ ಮುಗಿದು ತಮ್ಮ ಏರ್‌ಪೋರ್ಟಿಗೆ ಹೊರಟ ದಿನ ಮಗು ಅವನನ್ನು ಬಿಡದೆ ಅತ್ತಿತು. ಅವನ ಹೆಂಡತಿಗೆ ಅದನ್ನು ಸಮಾಧಾನ ಮಾಡಲು ಎರಡು ವಾರ ಬೇಕಾಯಿತು. ಗುರುತೇ ಸಿಗದೆ ಸುಮ್ಮನಿದ್ದದ್ದಕ್ಕಿಂತ ಇದು ಒಳ್ಳೆಯದು ಎಂದರು ಉಮ್ಮ. ಇರಬಹುದು.

ದುಡ್ಡಿದ್ದವರು ಹೋಗಿ, ಮೇಲೆ ಹೇಳಿದ್ದನ್ನು ನೋಡಿಕೊಂಡು ಹೋಗಿ. ಸಾಲ ಮಾಡಿ ಹೋಗುವ ವಿಷಯ ಇದಲ್ಲ. ಮೊನ್ನೆ ಜುಬೈಲ್‌ನಿಂದ ಫೋನ್ ಮಾಡಿದ ತಮ್ಮ ಹೇಳಿದ: "ಮುಂದಿನ ರಜೆಗೆ ಹಡಗು ಬೇಡ ಕಾಕ. ದಿನಾ ಅಸರ್ ಆದ ಮೇಲೆ ಪಣಂಬೂರಿಗೆ ಹೋಗಿ ಕೂರುವ. ಫೋನು ಮನೆಯಲ್ಲಿ ಇಟ್ಟು ಹೋದರಾಯ್ತು."