ಡೀಸೆಲ್ ಎಂಜಿನ್ನಿಗೂ ಒಂದು ಫೋಟೋ

ರೈಲಿನ ಚಿತ್ರ ಬರೆಯಲು ಹೇಳಿದರೆ ಮಕ್ಕಳು ಇಂದಿಗೂ ಉಗಿ ಎಂಜಿನ್ನನ್ನೇ ಬರೆಯುತ್ತಾರೆ. ಉದ್ದನೆಯ ಹೊಗೆಕೊಳವೆ, ಸುರುಳಿ ಸುರುಳಿ ಹೊಗೆ, ದೊಡ್ಡ ಚಕ್ರ. ಆ ಮಕ್ಕಳಷ್ಟೇ ಏಕೆ, ಅವರ ತಂದೆ ತಾಯಂದಿರಲ್ಲೂ ಹಲವರು ಉಗಿ ಎಂಜಿನ್ ಎಳೆದ ಗಾಡಿಯಲ್ಲಿ ಕುಳಿತವರಲ್ಲ. ಅವರನ್ನು ಅಜ್ಜಿಯ ಊರಿಗೆ, ಪರೀಕ್ಷೆಗೆ, ಮದುವೆಗೆ ಕರೆದೊಯ್ದದ್ದು ಡೀಸೆಲ್ ಎಂಜಿನ್. ಅದರ ಫೋಟೋ ಯಾರ ಮನೆಯ ಆಲ್ಬಮ್ಮಿನಲ್ಲಿದೆ? ನಮ್ಮ ಮನೆಯದನ್ನು ತೆಗೆದು ನೋಡಿದೆ. ಬೃಂದಾವನದ ಕಾರಂಜಿಯ ಮುಂದೆ ಸಾಲಾಗಿ ನಿಂತ ಚಿತ್ರಗಳು ಒಂಬತ್ತಿದ್ದವು. ಅಷ್ಟು ಜನರನ್ನೂ ಮೈಸೂರಿಗೆ ಎಳೆದೊಯ್ದ ಎಂಜಿನ್ನಿನದು ಒಂದೂ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರು ರೈಲು ಹವ್ಯಾಸಿಗಳು. ಬೆಳಗಿನ ಜಾವ ಎದ್ದು, ಕ್ಯಾಮೆರಾ ಹೆಗಲಿಗೇರಿಸಿ, ಊರಾಚೆಯ ಲೆವೆಲ್ ಕ್ರಾಸಿಂಗ್ ಬಳಿ ಗೂಡ್ಸ್ ಗಾಡಿಗಾಗಿ ಗಂಟೆಗಟ್ಟಲೆ ಕಾಯುವ ಇವರನ್ನು ಕಂಡು ನಕ್ಕವರೇ ಹೆಚ್ಚು. ಬ್ರಾಡ್‌ಗೇಜಿನಲ್ಲಿ ಉಗಿ ಎಂಜಿನ್ನುಗಳ ನಿತ್ಯ ಸಂಚಾರ 1995ರಲ್ಲಿ ಕೊನೆಗೊಂಡಿತು. ಅದರ ಕೊನೆಯ ದಿನಗಳನ್ನು ಸೆರೆಹಿಡಿಯಲು ಇಂಗ್ಲೆಂಡ್, ಜರ್ಮನಿಗಳಿಂದಲೂ ಛಾಯಾಗ್ರಾಹಕರು ಬಂದರು. ಆಗ ಡೀಸೆಲ್ ಎಂಜಿನ್ ಎಂದರೆ ಕಥೆಯ ಖಳನಾಯಕ. ಅದು ಚೌಕಟ್ಟಿನೊಳಗೆ ಬಂದರೆ ಚಿತ್ರವೇ ಕೆಟ್ಟಂತೆ. ಈಗ ಅದಕ್ಕೂ ಸರದಿ ಬಂದಿದೆ.

ನಮ್ಮಲ್ಲಿ ಡೀಸೆಲ್ ಎಂದರೆ ಬಹುಮಟ್ಟಿಗೆ ‘ಆಲ್ಕೊ’. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಅಮೆರಿಕನ್ ಲೋಕೊಮೋಟಿವ್ ಕಂಪನಿಯ ಹ್ರಸ್ವನಾಮ ಅದು. ಆ ಕಂಪನಿಯ ‘ಡಬ್ಲ್ಯುಡಿಎಂ-2’ ಮಾದರಿಯ ಎಂಜಿನ್ನುಗಳು 1962ರಲ್ಲಿ ಭಾರತಕ್ಕೆ ಬಂದವು. ಹೆಸರು ಒಗಟಿನಂತಿದ್ದರೂ ಬಿಡಿಸುವುದು ಸುಲಭ: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಎಂ ಎಂದರೆ ಪ್ರಯಾಣಿಕರ ಗಾಡಿಗೂ ಗೂಡ್ಸಿಗೂ ಸಲ್ಲುವ ಮಿಶ್ರ ಬಳಕೆ, 2 ಎಂದರೆ ಆ ಬಗೆಯಲ್ಲಿ ಎರಡನೆಯದು. ಮೀಟರ್‌ಗೇಜಿನದಾದರೆ ಮೊದಲ ಅಕ್ಷರ ವೈ. 1964ರ ಜನವರಿಯಲ್ಲಿ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ಕಾರ್ಖಾನೆಯಿಂದ ಮೊದಲ ಎಂಜಿನ್ ಹೊರಬಂತು. 2600 ಅಶ್ವಶಕ್ತಿಯ ಈ ಮಾದರಿ 2500ಕ್ಕೂ ಹೆಚ್ಚು ತಯಾರಾಯಿತು. ಸ್ವಾರಸ್ಯವೆಂದರೆ, ತವರಿನ ಕಂಪನಿ 1969ರಲ್ಲಿ ಬಾಗಿಲು ಹಾಕಿತು! ಅದಾಗಿ ನಾಲ್ಕು ದಶಕ ಕಳೆದ ಮೇಲೂ ಅದೇ ವಂಶದ ಎಂಜಿನ್ನುಗಳು ಗಂಗಾತೀರದಲ್ಲಿ ಹುಟ್ಟುತ್ತಲೇ ಇದ್ದವು.

ಹವ್ಯಾಸಿಗಳು ಆಲ್ಕೊವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಗುರುತಿಸುತ್ತಾರೆ. ನಿಂತಲ್ಲೇ ನಿಂತು ‘ಗುಡ್ ಗುಡ್ ಗುಡ್’ ಎಂದು ಗೊಣಗುವ ಅದರ ನಾಲ್ಕು ಹೊಡೆತದ ಎಂಜಿನ್ನಿಗೂ, ಒಂದೇ ಶ್ರುತಿಯಲ್ಲಿ ಮೊರೆಯುವ ಎರಡು ಹೊಡೆತದ ಹೊಸ ಎಂಜಿನ್ನಿಗೂ ಅಜಗಜಾಂತರ. ಈ ಹೊಸ ಬಗೆಯ ‘ಡಬ್ಲ್ಯುಡಿಜಿ-4’ ಎಂಜಿನ್ನುಗಳು 1999ರಲ್ಲಿ ಬಂದಾಗ ಅವುಗಳಿಗೆ ಮೊದಲ ಮನೆಯಾದದ್ದು ನಮ್ಮ ಹುಬ್ಬಳ್ಳಿಯ ಡೀಸೆಲ್ ಷೆಡ್.

ಫೋಟೋ ತೆಗೆಯುವವರಿಗೆ ಬೇಕಾದದ್ದು ಆಲ್ಕೊದ ಹೊಗೆ. ಅದು ಏಕೆ ಬರುತ್ತದೆಂದು ತಿಳಿದರೆ ಎಲ್ಲಿ ನಿಲ್ಲಬೇಕೆಂದೂ ತಿಳಿಯುತ್ತದೆ. ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಆ ವಿದ್ಯುತ್ತಿನಿಂದ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳು ಓಡುತ್ತವೆ. ಚಾಲಕನ ಕೈಯ ಹಿಡಿಕೆಗೆ ಎಂಟು ಹಂತಗಳು, ರೈಲ್ವೆಯವರ ಮಾತಿನಲ್ಲಿ ‘ನಾಚ್’. ಹಿಡಿಕೆಯನ್ನು ಮೇಲಿನ ನಾಚ್‌ಗೆ ಸರಿಸಿದೊಡನೆ ಸಿಲಿಂಡರುಗಳಿಗೆ ಹೆಚ್ಚು ಎಣ್ಣೆ ನುಗ್ಗುತ್ತದೆ. ಆದರೆ ಅದನ್ನು ಉರಿಸಲು ಬೇಕಾದ ಗಾಳಿಯನ್ನು ತುಂಬುವ ಟರ್ಬೊಚಾರ್ಜರ್ ತಿರುಗುವುದು ಎಂಜಿನ್ ಹೊರಬಿಡುವ ಅನಿಲದ ಬಲದಿಂದ. ಅದು ವೇಗ ಹಿಡಿಯಲು ಕೆಲವು ಸೆಕೆಂಡುಗಳು ಬೇಕು. ಎಣ್ಣೆ ಬಂತು, ಗಾಳಿ ಇನ್ನೂ ಬರಲಿಲ್ಲ. ಅರೆಬೆಂದ ಇಂಧನ ಕಪ್ಪು ಹೊಗೆಯಾಗಿ ಮುಗಿಲಿಗೆ ಚಿಮ್ಮುತ್ತದೆ. ಪರಿಸರಕ್ಕೆ ಇದು ಕೇಡು, ಇಂಧನವೂ ನಷ್ಟ. ಇದನ್ನು ಸೊಗಸು ಎನ್ನುವುದು ಸರಿಯೇ ಎಂದು ಕೇಳಿದರೆ ಹವ್ಯಾಸಿಗಳ ಬಳಿ ಒಳ್ಳೆಯ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ.

ಹಾಗಾಗಿ ಗಾಡಿ ಪೂರ್ಣ ವೇಗದಲ್ಲಿ ಓಡುವ ಸಪಾಟು ಬಯಲಿಗಿಂತ ನಿಲ್ದಾಣದಿಂದ ಹೊರಡುವ ಜಾಗ, ಏರು ಶುರುವಾಗುವ ಜಾಗ ಮೇಲು. ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದವು ಎರಡು ಘಟ್ಟಗಳು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. 50 ಅಡಿ ಸಾಗಿದರೆ ಒಂದು ಅಡಿ ಏರು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಗೆ ಇಳಿಯುವ ಬ್ರಗಾಂಜಾ ಘಟ್ಟ ಇನ್ನೂ ಕಡಿದು. ಅಲ್ಲಿ 37 ಅಡಿಗೆ ಒಂದು ಅಡಿ. ಗಾಡಿಯ ಮುಂದೆಯೂ ಹಿಂದೆಯೂ ಎಂಜಿನ್ನುಗಳನ್ನು ಹಚ್ಚಿ, ಎಲ್ಲವೂ ಒಟ್ಟಿಗೆ ತಿಣುಕುವುದನ್ನು ಕೇಳಿದವರು ಮರೆಯಲಾರರು.

ಉಳಿದದ್ದು ತಾಳ್ಮೆಯ ಮಾತು. ಬಿಸಿಲು ಬೆನ್ನಿಗಿರಬೇಕು, ಎಂಜಿನ್ನಿನ ಮುಖವೂ ಒಂದು ಪಕ್ಕವೂ ಒಟ್ಟಿಗೆ ಕಾಣಬೇಕು. ಪಕ್ಕದಲ್ಲಿ ಷೆಡ್ಡಿನ ಹೆಸರಿರುತ್ತದೆ, ಜೊತೆಗೆ ಎಂಜಿನ್ನಿನ ಸಂಖ್ಯೆ, ಇವೆರಡೂ ಓದುವಂತಿರಬೇಕು. ಚಕ್ರಗಳು ಕಂಡರೆ ಇನ್ನೂ ಒಳ್ಳೆಯದು. ಹಳೆಯ ಡಬ್ಲ್ಯುಡಿಎಂ-2ರಲ್ಲಿ ಒಂದು ಕಟ್ಟಿನ ಮೂರು ಅಚ್ಚುಗಳ ನಡುವಣ ಅಂತರ ಸಮನಾಗಿರುವುದಿಲ್ಲ. ಎರಡು ಹತ್ತಿರ, ಒಂದು ದೂರ. ಬಣ್ಣ ಎಷ್ಟು ಸಲ ಬದಲಾದರೂ ಈ ಗುರುತು ಸುಳ್ಳು ಹೇಳುವುದಿಲ್ಲ.

ಒಳ್ಳೆಯ ಕೋನ ಸಿಗಲೆಂದು ಹಳಿಯ ಮೇಲೆ ಇಳಿಯುವವರಿದ್ದಾರೆ. ಅದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ದೂಧಸಾಗರದ ಬಳಿ ಹಳಿಯ ಮೇಲೆ ನಡೆಯಬೇಡಿ ಎಂದು 2023ರ ಮಳೆಗಾಲದಲ್ಲಿ ನೈರುತ್ಯ ರೈಲ್ವೆ ಜನರನ್ನು ಬೇಡಿಕೊಳ್ಳಬೇಕಾಯಿತು. ಉದ್ದ ಮೂತಿ ಮುಂದಾಗಿ ಬರುವ ಆಲ್ಕೊದಲ್ಲಂತೂ ಚಾಲಕನಿಗೆ ಹಳಿಯ ಒಂದು ಪಕ್ಕ ಸರಿಯಾಗಿ ಕಾಣುವುದೇ ಇಲ್ಲ.

ಈ ಆತುರಕ್ಕೆ ಕಾರಣವಿಲ್ಲದಿಲ್ಲ. ದೇಶದ ಬ್ರಾಡ್‌ಗೇಜ್ ಹಳಿಗಳ ಬಹುಪಾಲಿನ ಮೇಲೆ ಈಗ ವಿದ್ಯುತ್ ತಂತಿ ಹಾದಿದೆ. ಕಂಬಗಳು ಚೌಕಟ್ಟಿಗೆ ಅಡ್ಡ ಬರುವುದಿರಲಿ, ತಂತಿಯ ಕೆಳಗೆ ಡೀಸೆಲ್ಲಿಗೆ ಕೆಲಸವೇ ಕಡಿಮೆ. ಒಂದೊಂದೇ ಎಂಜಿನ್ ಗುಜರಿಗೆ ಹೋಗುತ್ತಿದೆ. 2018ರಲ್ಲಿ ವಾರಾಣಸಿಯ ಕಾರ್ಖಾನೆ ಎರಡು ಹಳೆಯ ಡೀಸೆಲ್ ಎಂಜಿನ್ನುಗಳ ಕರುಳು ಬಗೆದು ಅವನ್ನು ವಿದ್ಯುತ್ ಎಂಜಿನ್ನಿನ ಜೋಡಿಯಾಗಿ ಮಾಡಿತು. 2020ರಲ್ಲಿ ಆ ಕಾರ್ಖಾನೆಯ ಹೆಸರಿನಿಂದಲೇ ‘ಡೀಸೆಲ್’ ಹೋಗಿ ಅದು ಬನಾರಸ್ ಲೋಕೊಮೋಟಿವ್ ಕಾರ್ಖಾನೆಯಾಯಿತು. ವಸ್ತುಸಂಗ್ರಹಾಲಯಗಳಲ್ಲಿ ಕೆಲವು ಉಳಿಯಬಹುದು. ಆದರೆ ಸುಣ್ಣದ ಗೆರೆಯ ನಡುವೆ ನಿಂತ ಎಂಜಿನ್ನಿಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ, ಕಿಟಕಿಯಿಂದ ಕೈ ಬೀಸುವ ಸಹಾಯಕ ಚಾಲಕನೂ ಇಲ್ಲ.

ಈ ಲೇಖನಕ್ಕೆಂದು ನಾನೂ ಒಂದು ಬೆಳಗ್ಗೆ ಪ್ಲಾಟ್‌ಫಾರಂ ತುದಿಯಲ್ಲಿ ನಿಂತೆ. ಎರಡು ಗಂಟೆ ಕಾದ ಮೇಲೆ ಗೂಡ್ಸ್ ಗಾಡಿ ಎಳೆಯುತ್ತಾ ಮಾಸಲು ಬಣ್ಣದ ಆಲ್ಕೊ ಬಂತು. ಸಿಗ್ನಲ್ ಬಿದ್ದು ಹೊರಟಾಗ ಹೊಗೆ ಎದ್ದದ್ದೇ ತಡ, ನಾನು ಬಾಯಿ ತೆರೆದು ನೋಡುತ್ತಾ ನಿಂತುಬಿಟ್ಟೆ. ಷಟರ್ ಒತ್ತುವಷ್ಟರಲ್ಲಿ ಎಂಜಿನ್ ಅರ್ಧ ದಾಟಿತ್ತು. ಚಿತ್ರ ಮಸುಕಾಗಿದೆ. ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಮಾತ್ರ ಓದಬಹುದು. ಅದನ್ನು ಬೃಂದಾವನದ ಫೋಟೋಗಳ ಪಕ್ಕದಲ್ಲಿ ಅಂಟಿಸಿದ್ದೇನೆ.