ಉದುರಿಹೋದ 'ಅಂತೆ'

ಕನ್ನಡದ ಪುಟ್ಟ ಮಾತುಗಳಲ್ಲಿ ನನಗೆ ಬಹು ಪ್ರಿಯವಾದದ್ದು 'ಅಂತೆ'. 'ಬಂದನು' ಎಂದರೆ ಆಡಿದವನೇ ಅದಕ್ಕೆ ಸಾಕ್ಷಿ. 'ಬಂದನಂತೆ' ಎಂದರೆ ಅವನು ಕಂಡವನಲ್ಲ, ಕೇಳಿದವನು. ಎರಡೇ ಅಕ್ಷರಗಳಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಗೆರೆಯೆಳೆಯುವ ಈ ಸೌಕರ್ಯ ಇಂಗ್ಲಿಷಿನಲ್ಲಿ ಇಲ್ಲ; ಅವರು ಅದಕ್ಕೆ ಬೇರೊಂದು ಪದವನ್ನೋ ಉಪವಾಕ್ಯವನ್ನೋ ಹೂಡಬೇಕು. ಸಂಸ್ಕೃತದ 'ಕಿಲ', ನಮ್ಮ ಹಳಗನ್ನಡದ 'ಗಡ' ಎಂಬ ಅವ್ಯಯಗಳಿಗೂ ಹಲವೆಡೆ ಇದೇ ಧ್ವನಿ. ಕೇಳಿದ್ದನ್ನು ಕೇಳಿದ್ದೆಂದೇ ಹೇಳುವ ಮರ್ಯಾದೆ ನಮ್ಮ ನುಡಿಗೆ ಹೊಸದಲ್ಲ.

ಹಾಗೆಂದು ನಾನು ಹರಟೆಯ ವೈರಿಯಲ್ಲ. ಹೊನ್ನಾವರದ ಮೀನುಪೇಟೆಯಲ್ಲಿ, ಕುಮಟೆಯ ಬಸ್ ನಿಲ್ದಾಣದಲ್ಲಿ, ಭಟ್ಕಳದ ಪೇಟೆಯ ಸಂಜೆಯ ಗುಂಪುಗಳಲ್ಲಿ ನೆರೆಮನೆಯ ಮದುವೆಯಿಂದ ಹಿಡಿದು ಸಿನಿಮಾ ನಟಿಯ ಮದುವೆಯ ತನಕ ನಡೆಯುವ ಸಮಾಲೋಚನೆ ಮನುಷ್ಯಸಹಜವಾದದ್ದು. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಇದಕ್ಕೆ 'ಉದಾಕು' ಎಂಬ ಹೆಸರಿದೆ. ಟಾಂಜಾನಿಯದಲ್ಲಿ ಖ್ಯಾತನಾಮರ ಉದಾಕುವನ್ನೇ ನೆಚ್ಚಿ ಬದುಕುವ ಪತ್ರಿಕೆಗಳೂ ಜಾಲತಾಣಗಳೂ ಉಂಟು. ನಾವಾದರೋ 'ಅಂತೆಕಂತೆಗಳ ಸಂತೆ' ಎಂದೆವು. ಆ ಸಂತೆಯ ಸರಕಿನ ಮೇಲೆ 'ಇದು ಅಂತೆಯ ಸರಕು' ಎಂಬ ಮುದ್ರೆಯಾದರೂ ಇರುತ್ತಿತ್ತು. ಆಡುವವನ ಮುಖ ಎದುರಿಗಿರುತ್ತಿತ್ತು, 'ನಿನಗಾರು ಹೇಳಿದರು?' ಎಂದು ಕೇಳಬಹುದಾಗಿತ್ತು.

ಕೈಯೊಳಗಿನ ದೂರವಾಣಿಗೆ ಬಂದ ಸಂದೇಶದಲ್ಲಿ ಈ ಮುದ್ರೆ ಉದುರಿಹೋಯಿತು. 2023ರ ಸೆಪ್ಟೆಂಬರ್ 6ರಂದು ನಟಿ ರಮ್ಯಾ ಹೃದಯಾಘಾತದಿಂದ 'ನಿಧನರಾದರು' ಎಂಬ ಸುದ್ದಿ ಗಳಿಗೆಯೊಂದರಲ್ಲಿ ನಾಡೆಲ್ಲ ಹರಡಿತು. 'ನಿಧನರಾದರಂತೆ' ಎಂದು ಬರೆದವರು ವಿರಳ. ಆಕೆಯಾದರೋ ಯುರೋಪಿನಲ್ಲಿ ಕ್ಷೇಮವಾಗಿದ್ದರು. ಪತ್ರಕರ್ತೆ ಚಿತ್ರಾ ಸುಬ್ರಹ್ಮಣ್ಯಂ ಜಿನೀವಾದಲ್ಲಿ ತಾವು ಆಕೆಯನ್ನು ಕಂಡುದಾಗಿ ತಿಳಿಸಿದ ಮೇಲೆ ಸಂತಾಪದ ಪದ್ಯಗಳು ಒಂದೊಂದಾಗಿ ಮರೆಯಾದವು. ಇದನ್ನು ನಕ್ಕು ಮರೆಯಬಹುದು. ನಮ್ಮ ಕರಾವಳಿಯಲ್ಲಿ ಆದದ್ದನ್ನು ಹಾಗೆ ಮರೆಯುವಂತಿಲ್ಲ.

2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆಯಾಯಿತು. ಅಂದು ಕಾಣೆಯಾದ ತರುಣನೊಬ್ಬನ ಶವ 8ರಂದು ಶೆಟ್ಟಿಕೆರೆಯಲ್ಲಿ ದೊರೆಯಿತು. ಮಗನನ್ನು ಕಳೆದುಕೊಂಡ ಮನೆಯ ಶೋಕವನ್ನು ಕುರಿತು ನಾನು ಒಂದಕ್ಷರವನ್ನೂ ಆಡಲಾರೆ; ನಾನು ಹೇಳಹೊರಟಿರುವುದು ವಾಕ್ಯಗಳ ವಿಷಯ. ಶವಪರೀಕ್ಷೆಯ ಫಲಿತಾಂಶ ಹೊರಬೀಳುವ ಮುನ್ನವೇ ಫೋನಿನಿಂದ ಫೋನಿಗೆ ಆ ಸಾವಿನ ವರ್ಣನೆಗಳು ಹರಿದವು. ಹೇಗೆ ಹಿಂಸಿಸಿದರು, ಯಾವ ಅಂಗಕ್ಕೆ ಏನು ಮಾಡಿದರು ಎಂಬುದನ್ನೆಲ್ಲ ಬಳಿಯಲ್ಲಿ ನಿಂತು ಕಂಡವರಂತೆ ಬರೆದಿದ್ದರು. ಎಲ್ಲವೂ ಭೂತಕಾಲದ ನಿಶ್ಚಯಾರ್ಥಕ ಕ್ರಿಯಾಪದಗಳು. ಮಣಿಪಾಲದ ವಿಧಿವಿಜ್ಞಾನ ವೈದ್ಯರು ಇಂಥ ಗಾಯಗಳಿಲ್ಲವೆಂದು ಕೊಟ್ಟ ಉತ್ತರಗಳನ್ನು ಪೊಲೀಸರು ಪ್ರಶ್ನೋತ್ತರ ರೂಪದಲ್ಲಿ ಪ್ರಕಟಿಸಿದರು. ಪ್ರಯೋಜನವಾಗಲಿಲ್ಲ. 11ರಂದು ಕುಮಟೆಯ ಪ್ರತಿಭಟನೆ ಹಿಂಸೆಗೆ ತಿರುಗಿ ಪೊಲೀಸ್ ಐ.ಜಿ.ಪಿ.ಯವರ ಕಾರು ಹೊತ್ತಿ ಉರಿಯಿತು. ಮರುದಿನ ಉರಿ ಘಟ್ಟವನ್ನೇರಿ ಶಿರಸಿಗೆ ಹೋಯಿತು. ಪ್ರಕರಣ ಸಿ.ಬಿ.ಐ.ಗೆ ಒಪ್ಪಿಸಲ್ಪಟ್ಟಿತು. 2022ರ ಅಕ್ಟೋಬರಿನಲ್ಲಿ ಆ ಸಂಸ್ಥೆ ಹೊನ್ನಾವರದ ನ್ಯಾಯಾಲಯಕ್ಕೆ ಸಲ್ಲಿಸಿದ ವರದಿ, ಅದು ನೀರಿನಲ್ಲಿ ಮುಳುಗಿ ಸಂಭವಿಸಿದ ಆಕಸ್ಮಿಕ ಮರಣವೆಂದು ಹೇಳಿತು. ಸಂದೇಶ ಊರು ಸುತ್ತಲು ಕೆಲವು ಗಂಟೆಗಳು ಸಾಕಾದವು. ವರದಿ ಬರಲು ಐದು ವರ್ಷಗಳಿಗೆ ಎರಡು ತಿಂಗಳಷ್ಟೇ ಕಡಿಮೆ.

ತರಗತಿಯಲ್ಲಿ ಒಮ್ಮೆ ಈ ಮಾತು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ನಾವು ಬರೆದದ್ದಲ್ಲ ಸರ್, ಬಂದದ್ದನ್ನು ಮುಂದೆ ಕಳಿಸಿದ್ದು ಅಷ್ಟೇ" ಎಂದನು. ಅಂದಿನ ಪಾಠ ದೈವವಶಾತ್ ಲಕ್ಷ್ಮೀಶನ ಜೈಮಿನಿ ಭಾರತದ ಸೀತಾಪರಿತ್ಯಾಗ. ಆ ಕಥೆಯ ಅಗಸನನ್ನು ನಾವು ಶತಮಾನಗಳಿಂದ ಬೈಯುತ್ತ ಬಂದಿದ್ದೇವೆ. ಆದರೆ ಅವನು ಆಡಿದ್ದು ತನ್ನ ಮನೆಯ ಜಗಳದ ಮಾತನ್ನು, ತನ್ನ ಮನೆಯ ಜಗುಲಿಯ ಮೇಲೆ. ಅದನ್ನು ಹೊತ್ತು ಅರಮನೆಗೆ ತಂದವನು ಗೂಢಚಾರ. ಅವನೂ ಬರೆದವನಲ್ಲ, ಬಂದದ್ದನ್ನು ಮುಂದೆ ಕಳಿಸಿದವನೇ! ತುಂಬು ಬಸುರಿ ಕಾಡುಪಾಲಾದಳು. ಚಾರನ ಹೆಸರನ್ನು ಕೂಡ ಯಾರೂ ನೆನಪಿಟ್ಟಿಲ್ಲ. ಹುಡುಗ ಕುಳಿತುಕೊಂಡನು, ಒಪ್ಪಿದಂತೆ ಮಾತ್ರ ಕಾಣಲಿಲ್ಲ.

ರಾಣಿಯರಿಗೂ ನಟಿಯರಿಗೂ ಒದಗಿದ್ದು ನಮ್ಮ ಹೆಣ್ಣುಮಕ್ಕಳಿಗೆ ಒದಗದೆಂದು ತಂದೆತಾಯಂದಿರು ಭಾವಿಸುವುದು ಸರಿಯಲ್ಲ. 2025ರ ಜುಲೈನಲ್ಲಿ ಅದೇ ರಮ್ಯಾ, ಖ್ಯಾತ ನಟರೊಬ್ಬರು ಆರೋಪಿಯಾದ ಕೊಲೆಯ ಪ್ರಕರಣದ ವಿಷಯದಲ್ಲಿ ತಮ್ಮ ಅಭಿಪ್ರಾಯ ಹೇಳಿದ್ದಕ್ಕಾಗಿ ಅಶ್ಲೀಲ ಬೈಗುಳಗಳಿಗೆ ಗುರಿಯಾಗಿ, 43 ಖಾತೆಗಳ ವಿರುದ್ಧ ಬೆಂಗಳೂರಿನ ಪೊಲೀಸ್ ಆಯುಕ್ತರಿಗೆ ದೂರಿತ್ತರು; ಬಂಧನಗಳೂ ಆದವು. ಆಕೆಗೆ ಹೆಸರಿದೆ, ವಕೀಲರಿದ್ದಾರೆ. ಪದವಿ ತರಗತಿಯ ಹುಡುಗಿಯ ಚಿತ್ರವೊಂದು ಕೆಟ್ಟ ಅಡಿಬರಹದೊಡನೆ ಊರಿನ ಗುಂಪುಗಳಲ್ಲಿ ತಿರುಗತೊಡಗಿದರೆ ಅವಳು ಮೊದಲು ಮಾಡುವುದು ಕಾಲೇಜು ಬಿಡುವುದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಖಾಸಗಿ ಚಿತ್ರವನ್ನು ಹರಡುವುದಕ್ಕೂ ಅಶ್ಲೀಲವನ್ನು ಪ್ರಕಟಿಸುವುದಕ್ಕೂ ಶಿಕ್ಷೆಯಿದೆ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮನೆಯಿಂದಲೇ ದೂರು ಕೊಡಬಹುದು ಎಂಬುದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಪಠ್ಯಗಳಲ್ಲಿ ಛಂದಸ್ಸಿಗೆ ಇರುವ ಎಡೆಯ ಒಂದಂಶ ಇದಕ್ಕೆ ದೊರೆತರೂ ಛಂದಸ್ಸು ಮುನಿಯಲಾರದು.

ಕಾನೂನೇ ಎಲ್ಲವನ್ನೂ ಮಾಡೀತೆಂಬ ನಂಬಿಕೆ ನನಗಿಲ್ಲ. ಟಾಂಜಾನಿಯ ಸರ್ಕಾರ 2018ರಲ್ಲಿ ಜಾಲದ ಬರಹಗಾರರೆಲ್ಲ ಲೈಸೆನ್ಸು ಪಡೆಯಬೇಕೆಂದು ವಿಧಿಸಿತು. ಶುಲ್ಕ ಒಂಬೈನೂರು ಡಾಲರುಗಳಷ್ಟು. ಅಷ್ಟು ತೆರಲಾರದೆ ಬಾಯಿ ಮುಚ್ಚಿಕೊಂಡವರು ಹರಟೆಗಾರರು ಮಾತ್ರವಲ್ಲ. ನಮ್ಮಲ್ಲೂ ಕಿರುಕುಳದ ಮಾತಿಗೆ ಸೆರೆಮನೆ ವಿಧಿಸುತ್ತಿದ್ದ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ರದ್ದುಮಾಡಿತು, ಒಳ್ಳೆಯದೇ ಆಯಿತು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೊಂದು. 2018ರಲ್ಲಿ ವಾಟ್ಸ್‌ಆ್ಯಪ್ ಕಂಪನಿ, ದಾಟಿ ಬಂದ ಸಂದೇಶದ ನೆತ್ತಿಯ ಮೇಲೆ ಬಾಣದ ಗುರುತೊಂದನ್ನು ಇಟ್ಟಿತು, ಭಾರತದಲ್ಲಿ ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆಗೆ ದಾಟಿಸದಂತೆ ತಡೆಯಿತು. ಹಲವು ಕೈ ದಾಟಿದ್ದಕ್ಕೆ ಜೋಡಿ ಬಾಣ. 2020ರಿಂದ ಅದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಯಂತ್ರವೂ ಕೊನೆಗೆ ತನ್ನದೊಂದು 'ಅಂತೆ'ಯನ್ನು ಕಂಡುಕೊಂಡಿತೆನ್ನಬೇಕು.

ಕಳೆದ ವರ್ಷ ವ್ಯಾಕರಣದ ತರಗತಿಗೆ ನಾನೊಂದು ಅಭ್ಯಾಸ ಕೊಟ್ಟೆ. ಆ ವಾರ ತಮಗೆ ಬಂದ ಜೋಡಿ ಬಾಣದ ಸಂದೇಶವೊಂದನ್ನು ಬರೆದು ತಂದು, 'ಅಂತೆ' ಸೇರಬೇಕಾದಲ್ಲೆಲ್ಲ ಸೇರಿಸಬೇಕು. ಹಿಂದಿನ ಬೆಂಚಿನ ಅದೇ ಹುಡುಗ ಒಂಬತ್ತು ವಾಕ್ಯಗಳ ಸಂದೇಶವೊಂದನ್ನು ತಂದಿದ್ದನು. ಏಳು ವಾಕ್ಯಗಳಿಗೆ 'ಅಂತೆ' ಬಂತು. 'ಅಂತೆ' ಬೇಡದೆ ಉಳಿದ ವಾಕ್ಯಗಳು ಎರಡು: 'ಎಲ್ಲರೂ ಎಚ್ಚರದಿಂದಿರಿ' ಎಂಬುದೊಂದು, 'ಕೂಡಲೇ ಎಲ್ಲರಿಗೂ ಕಳಿಸಿ' ಎಂಬುದು ಇನ್ನೊಂದು.