ನಿಂತಲ್ಲೇ ದುಡಿಯುವ ಸೈಕಲ್ಲು

ಚಾಕು-ಕತ್ತರಿಗಳಿಗೆ ಸಾಣೆ ಹಿಡಿಯುವವನು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲು ತುಳಿಯುವುದನ್ನು ನಗರದ ಬೀದಿಗಳಲ್ಲಿ ನಮ್ಮಲ್ಲಿ ಅನೇಕರು ಕಂಡಿರಬಹುದು. ಸೈಕಲ್ಲು ಮುಂದೆ ಸಾಗದು. ಸಾಣೆಕಲ್ಲು ಮಾತ್ರ ಗಿರ್ರನೆ ತಿರುಗುವುದು. ಕೆಲಸ ತೀರಿದೊಡನೆ ಅವನು ಅದೇ ಸೈಕಲ್ಲನ್ನೇರಿ ಮುಂದಿನ ಬೀದಿಗೆ ಹೊರಡುತ್ತಾನೆ. ಈ ತತ್ತ್ವವನ್ನೇ ದೂರದೇಶದ ಹಳ್ಳಿಗಳಿಗಾಗಿ ಯಂತ್ರಶಾಸ್ತ್ರದ ವಿದ್ಯಾರ್ಥಿಗಳು ಬಳಸಿಕೊಂಡ ಬಗೆ ತಿಳಿಯತಕ್ಕದ್ದಾಗಿದೆ.

ನಮ್ಮ ದೇಹದಲ್ಲಿ ತೊಡೆಯ ಸ್ನಾಯುಗಳು ಬಹು ಬಲವುಳ್ಳವು. ಆರೋಗ್ಯವಂತನೊಬ್ಬನು ಪೆಡಲು ತುಳಿದು ಸುಮಾರು 75 ವಾಟ್ ಶಕ್ತಿಯನ್ನು ಬಹಳ ಹೊತ್ತು ಒದಗಿಸಬಲ್ಲನು. ಮುಂದಿನ ಹಲ್ಲುಗಾಲಿಗೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇವೆ ಎನ್ನೋಣ. ಪೆಡಲು ನಿಮಿಷಕ್ಕೆ 60 ಸುತ್ತು ಸುತ್ತಿದರೆ ಹಿಂದಿನ ಚಕ್ರ 160 ಸುತ್ತು ಸುತ್ತುತ್ತದೆ. 66 ಸೆಂಟಿಮೀಟರ್ ವ್ಯಾಸದ ಆ ಚಕ್ರಕ್ಕೆ 6 ಸೆಂಟಿಮೀಟರ್ ವ್ಯಾಸದ ಉರುಳೆಯೊಂದನ್ನು ಒತ್ತಿ ಹಿಡಿದರೆ, ಉರುಳೆ 1760 ಸುತ್ತು ತಿರುಗುವುದು!

ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ, ಸಾನ್ ಆಂಡ್ರೆಸ್ ಇಟ್ಸಾಪ ಎಂಬ ಊರಿನಲ್ಲಿ, 1997ರಲ್ಲಿ 'ಮಾಯಾ ಪೆಡಲ್' ಎಂಬ ಕಾರ್ಯಾಗಾರ ಆರಂಭವಾಯಿತು. ಹಳೆಯ ಸೈಕಲ್ಲುಗಳನ್ನು ಕತ್ತರಿಸಿ ಬೆಸೆದು, ನೀರೆತ್ತುವ ಪಂಪು, ಮೆಕ್ಕೆಜೋಳ ಬೀಸುವ ಗಿರಣಿ ಮುಂತಾದವನ್ನು ಅಲ್ಲಿ ನಿರ್ಮಿಸಿದರು. ಹಳೆಯ ಕಬ್ಬಿಣಕ್ಕೆ ಇದು ಹೊಸ ಜನ್ಮವೇ ಸರಿ. ಆದರೆ ಹೀಗೆ ಯಂತ್ರವಾದ ಸೈಕಲ್ಲು ಮತ್ತೆ ರಸ್ತೆಗಿಳಿಯದು.

ಮನೆಗೊಂದೇ ಸೈಕಲ್ಲಿರುವ ರೈತನು ಇದಕ್ಕೆ ಒಪ್ಪುವನೇ? ನೀರು ತರಲು, ಸಂತೆಗೆ ಮೂಟೆ ಸಾಗಿಸಲು, ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಅವನಿಗೆ ಅದೊಂದೇ ವಾಹನ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ 2002ರಲ್ಲಿ 'ಡಿ-ಲ್ಯಾಬ್' ಎಂಬ ತರಗತಿ ಮೊದಲಾಯಿತು. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಜನರೊಡನೆ ಕೂಡಿ ಉಪಕರಣಗಳನ್ನು ರಚಿಸುತ್ತಾರೆ. ಆಫ್ರಿಕದ ಟಾಂಜಾನಿಯದಲ್ಲಿ ಅಲ್ಲಿನ ಸೈಕಲ್ ಕುಶಲಿಗರ ನೆರವಿನಿಂದ, ಸೈಕಲ್ಲಿನ ಹಿಂಭಾಗಕ್ಕೆ ಜೋಡಿಸಿ, ಕೆಲಸ ಮುಗಿದ ಮೇಲೆ ಬಿಚ್ಚಬಹುದಾದ ಮೆಕ್ಕೆಜೋಳ ಬಿಡಿಸುವ ಯಂತ್ರ ಸಿದ್ಧವಾಯಿತು.

ಇಲ್ಲಿಯೇ ಸ್ಟ್ಯಾಂಡಿನ ಪ್ರಶ್ನೆ ಏಳುವುದು. 26 ಅಂಗುಲದ ಚಕ್ರದ ಅಚ್ಚು ನೆಲದಿಂದ ಸುಮಾರು 33 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 28 ಅಂಗುಲದ್ದು ಸುಮಾರು 35.5 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಚಿಕ್ಕದರ ಅಳತೆಗೆ ಮಾಡಿದ ಸ್ಟ್ಯಾಂಡಿನಲ್ಲಿ ದೊಡ್ಡ ಚಕ್ರ ನೆಲಕ್ಕೆ ಉಜ್ಜೀತು. ಆದುದರಿಂದ ಕೊಳವೆಯೊಳಗೆ ಕೊಳವೆ ಜಾರುವಂತೆ ಮಾಡಿ, ತೂತುಗಳಲ್ಲಿ ಕೀಲು ಸಿಕ್ಕಿಸಿ ಎತ್ತರವನ್ನು ಹೊಂದಿಸಬೇಕು. ತುಳಿಯುವಾಗ ಮೈ ಓಲಾಡುವುದರಿಂದ ಕಾಲುಗಳು ಅಗಲವಾಗಿರಬೇಕು. ಉರುಳೆಯನ್ನು ಸಡಿಲವಾಗಿ ಒತ್ತಿದರೆ ಅದು ಜಾರುವುದು. ಅತಿಯಾಗಿ ಒತ್ತಿದರೆ ಶ್ರಮ ವ್ಯರ್ಥ. ಅಲ್ಲದೆ, ಮುರಿದ ಭಾಗವನ್ನು ಆ ಊರಿನ ಕಮ್ಮಾರನೇ ಸರಿಪಡಿಸುವಂತಿರಬೇಕು.

ಮುಂದೆ ಯಂತ್ರಶಿಲ್ಪಿಗಳಾಗಬಯಸುವ ಮಿತ್ರರು ಇದನ್ನು ನೆನಪಿಡಲಿ. ಬಡವನ ಸೈಕಲ್ಲಿಗೆ ಹೊಸ ಕೆಲಸ ಕಲಿಸುವ ಮುನ್ನ, ಅದರ ಹಳೆಯ ಕೆಲಸವೇನೆಂದು ಅವನನ್ನೇ ಕೇಳಬೇಕು. ಹಗಲೆಲ್ಲ ಜೋಳ ಬಿಡಿಸಿದ ಸೈಕಲ್ಲು ಸಂಜೆ ಅವನನ್ನು ಮನೆಗೆ ತಲಪಿಸಬೇಕು.